ಪರಮಶಿವಪ್ಪ ಕಲಿಸಿದ ಅಳು

ಧನ್ಯಾಳ ಮನಸ್ಸಿಗೆ ಎಷ್ಟು ಪೆಟ್ಟಾಗಿದೆ ಎಂದು ಡಾಕ್ಟರು ಪರೀಕ್ಷಿಸಲಿ ಅಂತ ಕೋರ್ಟು ಹೇಳಿತಲ್ಲ, ಅಲ್ಲಿಂದಲೇ ಅವಳ ಸೋದರಮಾವ ಪರಮಶಿವಪ್ಪನ ಹುರುಪು ಏರಿದ್ದು. ತಮ್ಮೂರು ಜಡೆಗೆ ಬೆಳೆಹಾನಿ ನೋಡಲು ಅಧಿಕಾರಿಗಳು ಬಂದರೆ ಊರಿಗೆಲ್ಲ ಅವನೇ ಮುಂದಾಳು. ಅರ್ಧ ಹೋದ ಭತ್ತವನ್ನು ಪೂರ್ತಿ ಹೋಯಿತು ಎನ್ನಿಸಿಬಿಡುವ ಗಟ್ಟಿಗ.

ಧನ್ಯಾಳದು ಸೊರಬದ ಮೆಡಿಕಲ್ ಶಾಪಿನಲ್ಲಿ ಕೆಲಸ. ಒಬ್ಬ ಪುಂಡ ವರ್ಷವಿಡೀ ಬೈಕಿನಲ್ಲಿ ಅವಳ ಬೆನ್ನು ಬಿದ್ದು ಕಾಡಿ, ಕೊನೆಗೆ ಕೇಸಾಗಿತ್ತು. ಡಾಕ್ಟರು ಅವಳನ್ನು ನಂಬದಿದ್ದರೆ ಮತ್ತೆ ಅದೇ ದಾರಿ, ಅದೇ ಬೈಕು.

ಪರೀಕ್ಷೆಗೆಂದು ಹತ್ತಿದ ಶಿಕಾರಿಪುರದ ಬಸ್ಸಿನಲ್ಲೇ ಮಾವನ ಪಾಠ ಶುರುವಾಯಿತು.

"ನೋಡವ್ವಾ, ಇದ್ದದ್ದು ಇದ್ದಂಗೆ ಹೇಳಿದ್ರೆ ಯಾರೂ ಬರ್ಕಳಲ್ಲ. ಡಾಕ್ಟ್ರು ಬಾಯಿ ತೆಗೆಯೋದ್ರೊಳಗೆ ಗೊಳೋ ಅಂತ ಅತ್ತುಬಿಡು."

ಜೊತೆಗೆ ಬಂದಿದ್ದ ಪಕ್ಕದ ಮನೆಯ ಲೋಕಮ್ಮ ಸುಮ್ಮನಿರುತ್ತಾಳೆಯೇ? "ನಡುವೆ ಒಂದ್ಸಲ ತಲೆ ತಿರುಗಿ ಬೀಳ್ಲಿ ಕಣಣ್ಣ," ಎಂದಳು. ಹಿಂದಿನ ಸೀಟಿನವರೂ ಸಲಹೆ ಕೊಟ್ಟರು. ಇಡೀ ಬಸ್ಸಿಗೆ ಸುದ್ದಿ ಹರಡಿತು. ಧನ್ಯಾ ನಾಚಿಕೆಯಿಂದ ವೇಲನ್ನು ಮುಖದ ಮೇಲೆ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಿಕ್ಕಿ ಬಿಕ್ಕಿ ಅಳುವುದು ಹೊರಗೂ ಕೇಳಿಸಿತು. ಪರಮಶಿವಪ್ಪ ಉಬ್ಬಿಹೋದ. ಬೆಂಚಿನ ಮೇಲೆ ಪಕ್ಕದಲ್ಲಿ ಕನ್ನಡಕದವರೊಬ್ಬರು ಕೂತಿದ್ದರು.

"ಕೇಳಿದ್ರಾ ಸಾರ್? ನಾನೇ ಕಲಿಸಿದ್ದು! ಅಳೋದ್ರಲ್ಲಿ ನನ್ನ ಮೀರಿಸೋರಿಲ್ಲ."

"ಹೌದಾ? ಇನ್ನೇನೇನು ಕಲಿಸಿದ್ರಿ?"

ಕೇಳುವವರು ಸಿಕ್ಕರೆ ಬಿಡುವ ಜನವೇ! ತಲೆಸುತ್ತಿನವರೆಗೂ ವಿವರಿಸಿದ.

ಧನ್ಯಾ ಹೊರಗೆ ಬಂದಳು. ಕಣ್ಣು ಊದಿತ್ತು.

"ಭೇಷ್ ಕಣವ್ವಾ!"

"ನೀನು ಹೇಳ್ಕೊಟ್ಟಿದ್ದು ಒಂದೂ ಮಾಡ್ಲಿಲ್ಲ ಮಾವ. ಬೈಕ್ ಸದ್ದು ಕೇಳಿದ್ರೆ ಈಗ್ಲೂ ಅಂಗಡಿ ಕೌಂಟರ್ ಕೆಳಗೆ ಕೂತ್ಬಿಡ್ತೀನಿ. ನಿದ್ದೆ ಬರಲ್ಲ. ಮನೇಲಿ ಹೇಳಕ್ಕೆ ನಾಚಿಕೆ. ಇವತ್ತೇ ಮೊದ್ಲು ಬಾಯಿ ಬಿಟ್ಟಿದ್ದು."

ಪರಮಶಿವಪ್ಪನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಅವಳನ್ನು 'ಹೇಗಿದ್ದೀಯವ್ವಾ' ಎಂದು ಅವನು ಕೇಳಿದ್ದೇ ಇಲ್ಲ.

ಅಷ್ಟರಲ್ಲಿ ಕನ್ನಡಕದವರು ಎದ್ದರು. "ನಾನೂ ಇಲ್ಲಿ ಡಾಕ್ಟ್ರೇ ಕಣ್ರೀ. ಹೇಳೋದು ನಿಜವೋ ನಟನೆಯೋ ಅಂತ ನೋಡೋದು ನನ್ನ ಪಾಲಿನ ಕೆಲಸ. ನೀವು ಹೇಳಿದ್ದನ್ನ ಬಿಡೋ ಹಾಗಿಲ್ಲ. ಪಾಪ, ಈ ಹುಡುಗಿ ಎಲ್ಲಾನೂ ಮೊದಲಿಂದ ಇನ್ನೊಂದ್ಸಲ ಹೇಳ್ಬೇಕು."

"ಅಯ್ಯೋ, ನಾನು ಸುಮ್ನೆ ಕೊಚ್ಕಂಡಿದ್ದು ಸಾರ್! ಅವಳದ್ದು ನಿಜವಾದ ಅಳು!"

ಧನ್ಯಾ ಅವನತ್ತ ನೋಡದೆ ಮತ್ತೆ ಒಳಗೆ ಹೋದಳು. ಪರಮಶಿವಪ್ಪನಿಗೆ ತಡೆಯಲಾಗಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಎಲ್ಲರೆದುರು ಮಗುವಿನಂತೆ ಅತ್ತ.

ಕನ್ನಡಕದ ಡಾಕ್ಟರು ಬಾಗಿಲಲ್ಲಿ ನಿಂತು ತಿರುಗಿದರು.

"ಸಾಕು ಬಿಡ್ರೀ. ಎಷ್ಟು ಚೆನ್ನಾಗಿ ಅಳ್ತೀರಿ ಅಂತ ಆಗ್ಲೇ ಹೇಳಿದ್ರಲ್ಲ."