ಮುನ್ನೂರು ಕುದುರೆಗಳ ಕಾರು

ಕುಡಿತದ ಚಟ, ಇಸ್ಪೀಟಿನ ಚಟ ಇರುವವರ ಮೇಲೆ ಊರಿಗೆ ಒಂದಿಷ್ಟು ಕನಿಕರವಿರುತ್ತದೆ. ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ, ಬಿಡಿಸುವ ಶಿಬಿರಕ್ಕೆ ಸೇರಿಸುತ್ತಾರೆ. ಹಳೆಯ ಅಮೆರಿಕನ್ ಕಾರು ಕೊಳ್ಳುವ ಚಟ ಹತ್ತಿದವನನ್ನು ಮಾತ್ರ ಯಾವ ಶಿಬಿರವೂ ಸೇರಿಸಿಕೊಳ್ಳುವುದಿಲ್ಲ. ಶ್ರೀರಾಂಪುರದ ನಮ್ಮ ಮನೆಯ ಮುಂದೆ ಅಂಥವು ಎರಡು ನಿಂತಿವೆ. ಒಂದಕ್ಕೆ ಎಂಜಿನ್ ಇಲ್ಲ. ಇನ್ನೊಂದಕ್ಕೆ ಇದೆ, ಆದರೆ ಆ ವಿಷಯ ಕಾರಿಗೇ ತಿಳಿದಂತಿಲ್ಲ. ಮಸಲ್ ಕಾರು ಅಂತ ಇವುಗಳ ಹೆಸರು. ಕಾರುಗಳಲ್ಲಿ ಇವು ಪೈಲ್ವಾನರು: ಎರಡೇ ಬಾಗಿಲು, ಮಾರುದ್ದ ಮೂಗು, ಅದರೊಳಗೆ ಮುನ್ನೂರು ಕುದುರೆ ಶಕ್ತಿಯ ಎಂಜಿನ್. ಇವು ಬಂದು ನಿಂತ ಮೇಲೆ ಗೇಟಿನಿಂದ ಬಾಗಿಲಿಗೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಹೊಟ್ಟೆ ಇರುವ ನೆಂಟರು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ.

ನಿಜ ಹೇಳಬೇಕೆಂದರೆ ನಾನು ಮರುಳಾದದ್ದು ಕತೆಗೆ. ಕಾಲೇಜು ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತವನಿಗೆ ಎಂಜಿನ್ನಿನ ಗಂಧಗಾಳಿ ಎಲ್ಲಿಂದ ಬರಬೇಕು? ದೇವರಾಜ ಮೊಹಲ್ಲಾದ ಹಳೆ ಗಾಡಿ ದಲ್ಲಾಳಿ ಪುಟ್ಟಸ್ವಾಮಿ ಈ ಎಂಜಿನ್ ಇರುವ ಕಾರನ್ನು ತೋರಿಸಿ, "ಇದು ಒಬ್ಬ ರಾಜಕುಮಾರನ ಗಾಡಿ ಸ್ವಾಮಿ. ಅವನು ಪ್ರೀತಿಸಿದ ಹುಡುಗಿಗೆ ಮೈಸೂರಲ್ಲಿ ಬೇರೆಯವನ ಜೊತೆ ಮದುವೆ. ಸುದ್ದಿ ಗೊತ್ತಾಗಿ ಬೆಂಗಳೂರು ಬಿಟ್ಟವನು ಮುಹೂರ್ತದ ಹೊತ್ತಿಗೆ ಛತ್ರದ ಮುಂದೆ ಬಂದು ನಿಂತ್ಬುಟ್ಟ!" ಎಂದ. ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗಡೆ 'ಮ' ಎಂದು ಗೀಚಿತ್ತು. "ಅವಳ ಹೆಸರಿನ ಅಕ್ಷರ ಕಣ್ರೀ." ನಾನು ಬೆಲೆ ಚೌಕಾಸಿಯನ್ನೂ ಮಾಡಲಿಲ್ಲ. ಅಲ್ಲೇ ಒಪ್ಪಿಕೊಂಡೆ.

"ಮದುವೆ ನಿಂತಿತಂತಾ?" ಅಂದಳು ನನ್ನ ಹೆಂಡತಿ ಸರೋಜ.

ಅದನ್ನು ಕೇಳುವುದೇ ಮರೆತಿತ್ತು.

"ಗಾಡಿ ಓಡುತ್ತಾ ಅಂತಲಾದರೂ ಕೇಳಿದ್ರಾ?"

ಅದನ್ನೂ ಕೇಳಿರಲಿಲ್ಲ.

ಎರಡು ವರ್ಷ ಬಂದವರಿಗೆಲ್ಲ ಆ ಕತೆ ಹೇಳಿದೆ. ಹೇಳುತ್ತ ಹೇಳುತ್ತ ಹುಡುಗಿಗೆ ಮಂದಾಕಿನಿ ಎಂದು ನಾಮಕರಣವನ್ನೂ ಮಾಡಿದೆ. ಹೋದ ವರ್ಷ ಊರಿನಲ್ಲಿ ಹಳೆ ಕಾರುಗಳ ಪ್ರದರ್ಶನವಾದಾಗ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ, 'ಮಂದಾಕಿನಿಗಾಗಿ ಹಾರಿ ಬಂದ ಕಾರು' ಎಂದು ಬೋರ್ಡು ಬರೆಸಿ ನಿಲ್ಲಿಸಿದೆ. ಐವತ್ತು ದಾಟಿದ ಒಬ್ಬ ಹೆಂಗಸು ಆ ಬೋರ್ಡನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಕೈ ಹಾಕಿ ಆ ಡಬ್ಬಿಯ ಮುಚ್ಚಳ ತೆಗೆದರು.

"ಇದು ನಮ್ಮಣ್ಣ ಮಧು ಮೊಳೆಯಲ್ಲಿ ಗೀಚಿದ್ದು. ಅಪ್ಪನ ಕೈಲಿ ಸರಿಯಾಗಿ ತಿಂದಿದ್ದ."

ಅವರ ಹೆಸರು ವಸುಧಾ, ಕುಂಬಾರಕೊಪ್ಪಲಿನಲ್ಲಿ ಮನೆ. ತಂದೆ ಅಮೆರಿಕದಲ್ಲಿ ಓದಿದ ಎಂಜಿನಿಯರ್. ವಾಪಸು ಬರುವಾಗ ಹಡಗಿನಲ್ಲಿ ಈ ಕಾರನ್ನು ತಂದಿದ್ದರಂತೆ. "ನಾನು ಹುಟ್ಟೋ ದಿನ ನೋವು ಶುರುವಾದಾಗ ಅಮ್ಮನ್ನ ಇದರ ಹಿಂದಿನ ಸೀಟಲ್ಲೇ ಕೂರಿಸಿದ್ರು. ಸ್ಟಾರ್ಟ್ ಆಗ್ಲಿಲ್ಲ. ಅಪ್ಪ ಬಾನೆಟ್ ಎತ್ತಿ ನಿಂತವರು ನಿಂತೇ ಇದ್ರು. ಕೊನೆಗೆ ಅಜ್ಜಿ ಓಡಿಹೋಗಿ ಟಾಂಗಾ ಕರ್ಕೊಂಡು ಬಂದ್ರು. ಆಸ್ಪತ್ರೆ ಗೇಟು ಕಾಣೋ ಅಷ್ಟರಲ್ಲಿ ನಾನು ಟಾಂಗಾದಲ್ಲೇ ಹುಟ್ಟಿಬಿಟ್ಟೆ."

ಸುತ್ತ ನಿಂತವರಲ್ಲಿ ಯಾರೋ, "ಮುನ್ನೂರು ಕುದುರೆ ಕೈಲಾಗದ್ದನ್ನ ಒಂದು ಕುದುರೆ ಮಾಡ್ತು ಅನ್ನಿ" ಎಂದರು. ಎಲ್ಲರೂ ನಕ್ಕರು. ಸರೋಜ ಕಣ್ಣು ಒರೆಸಿಕೊಂಡು ನಕ್ಕಳು. ನಾನು ಬೋರ್ಡು ಕಿತ್ತು ಡಿಕ್ಕಿಗೆ ಹಾಕಿದೆ. ಮನೆಯಲ್ಲಿ ಮೂರು ದಿನ ಊಟ ಸೇರಲಿಲ್ಲ. ಇಲ್ಲದ ಮಂದಾಕಿನಿಗಾಗಿ ಅಷ್ಟು ದುಃಖಪಟ್ಟ ಗಂಡಸು ಮೈಸೂರಲ್ಲಿ ಇನ್ನೊಬ್ಬನಿರಲಾರ.

ಎರಡು ವಾರ ಬಿಟ್ಟು ವಸುಧಾ ಫೋನ್ ಮಾಡಿದರು. "ಅಮ್ಮನಿಗೆ ಎಂಬತ್ತನಾಲ್ಕು. ಆ ಕಾರಲ್ಲಿ ಬೀದಿ ಕೊನೆವರೆಗೂ ಹೋದವರಲ್ಲ. ಸಿಕ್ಕಿದೆ ಅಂದಾಗಿಂದ ಒಂದೇ ಹಟ. ಒಂದು ಸುತ್ತು ಕರ್ಕೊಂಡು ಹೋಗ್ತೀರಾ?"

ಹೋದ ಜೀವ ಬಂದಂತಾಯಿತು. ಮೆಕ್ಯಾನಿಕ್ ನಾಗರಾಜ ಒಂದು ವಾರ ಕಾರಿನ ಕೆಳಗೇ ಸಂಸಾರ ಹೂಡಿದ. ಶನಿವಾರ ಸಂಜೆ ಅದು ಮೂರು ಸಲ ಗುಡುಗಿತು. ಪಕ್ಕದ ಮನೆಯವರು ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದರು. ನಾನು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಆ ಅಮ್ಮ ರೇಷ್ಮೆ ಸೀರೆ ಉಟ್ಟು, ಮಗಳ ತೋಳು ಹಿಡಿದುಕೊಂಡು ಆಟೋದಿಂದ ಇಳಿದರು. ಮುಂದಿನ ಸೀಟು ಮಡಚಿ ಹಿಂದೆ ಹೋಗಿ, ಸೆರಗು ಸರಿಮಾಡಿಕೊಂಡು ಕೂತರು. ನಾನು ಕೀ ತಿರುಗಿಸಿದೆ. ಕುಂಯ್ ಎಂದಿತು. ಮತ್ತೆ ತಿರುಗಿಸಿದೆ, ಅದೂ ಇಲ್ಲ. ನಾಗರಾಜನ ಫೋನು ಸ್ವಿಚ್ ಆಫ್. ಬಾನೆಟ್ ಎತ್ತಿದೆ. ಅದರ ಸ್ಪ್ರಿಂಗ್ ಸತ್ತು ಯಾವ ಕಾಲವಾಯಿತೋ, ಎರಡೂ ಕೈಯಿಂದ ಹಿಡಿದೇ ನಿಲ್ಲಬೇಕು. ಒಳಗೆ ನೋಡಿದೆ. ಕಪ್ಪಗೆ, ದೊಡ್ಡದಾಗಿ ಏನೇನೋ ಇತ್ತು.

ಮುಕ್ಕಾಲು ಗಂಟೆಯ ಮೇಲೆ ಆ ಅಮ್ಮ ಮಗಳ ಕೈ ಹಿಡಿದು ಇಳಿದು ಬಂದು ನನ್ನೆದುರು ನಿಂತರು. ನನಗೆ ಅಳುವೇ ಬಂದಿತ್ತು. "ಕ್ಷಮಿಸಿ ಅಮ್ಮ" ಎಂದೆ.

"ಇರ್ಲಿ ಬಿಡಪ್ಪ. ನಮ್ಮನೆಯವ್ರೂ ಹಿಂಗೇ ನಿಂತಿದ್ರು. ಇದೇ ಮುಖ." ಒಂದು ಗಳಿಗೆ ನನ್ನನ್ನೇ ನೋಡಿದರು. "ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತು. ಇವತ್ತು ನೋಡಿದ ಹಾಗಾಯ್ತು ಕಣಪ್ಪ."

ಆಮೇಲೆ ಸರೋಜಳ ಕಡೆ ತಿರುಗಿದರು. "ನಿಂಗೆಷ್ಟು ಮಕ್ಕಳಮ್ಮ?"

"ಇಬ್ಬರು."

"ಆಸ್ಪತ್ರೆಗೆ ಹೆಂಗೆ ಹೋದೆ?"

"ಎರಡು ಸಲವೂ ಆಟೋದಲ್ಲಿ. ಹತ್ತಿ ಕೂತ ಮೇಲೆ ಇವರಿಗೆ ಹೇಳಿದೆ."

"ಜಾಣೆ" ಅಂದು ಅವಳ ಗಲ್ಲ ಸವರಿದರು. ಮೂವರೂ ಅಡ್ಡಡ್ಡ ನಡೆದು ಕಾಫಿಗೆ ಒಳಗೆ ಹೋದರು. ನಾನು ಬಾನೆಟ್ ಹಿಡಿದು ನಿಂತೇ ಇದ್ದೆ. ಮುಚ್ಚಿಬಿಟ್ಟರೆ ನನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗಲ್ಲವೇ? ಒಳಗಿನಿಂದ ಮೂವರ ನಗು ಕೇಳುತ್ತಿತ್ತು. ಕಾಫಿ ತಣ್ಣಗಾಗುತ್ತೆ ಬನ್ನಿ ಅಂತ ಯಾರಾದರೂ ಒಂದು ಸಲ ಕರೆದಿದ್ದರೆ ಸಾಕಿತ್ತು, ಆಗಲೇ ಮುಚ್ಚಿಬಿಡುತ್ತಿದ್ದೆ.