ಪ್ರಸನ್ನಕುಮಾರರ ಲಕೋಟೆ

ಪ್ರಸನ್ನಕುಮಾರರ ಅಂದಿನ ಪೇಚಾಟಕ್ಕೆಲ್ಲ ಮೂಲ ಒಂದು ಲಕೋಟೆ.

ಅವರು ಶಿವಮೊಗ್ಗದ ಶಾಂಭವಿ ಮೇಡಂ ಅವರ ವಕೀಲಿ ಆಫೀಸಿನಲ್ಲಿ ಗುಮಾಸ್ತರು. ಸಣ್ಣ ಆಫೀಸೆಂದು ತಿಳಿಯಬೇಡಿ. ಶಿರಾಳಕೊಪ್ಪದ ಶುಂಠಿ ವ್ಯಾಪಾರಿಯಿಂದ ಹಿಡಿದು ಜರ್ಮನಿಯ ಯಂತ್ರದ ಕಂಪನಿಯವರೆಗೆ ಎಲ್ಲರ ಕರಾರೂ ಅಲ್ಲೇ ತಯಾರಾಗುತ್ತವೆ. ಮೇಡಂ ಓದಿ ಬಿಟ್ಟ ಕರಾರಿನಲ್ಲಿ ತಪ್ಪು ಹುಡುಕುವುದೆಂದರೆ ಬೋಳು ತಲೆಯಲ್ಲಿ ಹೇನು ಹುಡುಕಿದ ಹಾಗೆ.

ಬೆಳಗ್ಗೆ ಮೇಡಂ ಕರೆದು ಲಕೋಟೆ ಕೊಟ್ಟರು. “ಭದ್ರಾವತಿ ನ್ಯೂ ಟೌನಿನ ಪರಮೇಶ್ವರಪ್ಪನವರ ಫೌಂಡ್ರಿಯಲ್ಲಿ ನಮ್ಮ ಜರ್ಮನ್ ಕಕ್ಷಿದಾರರು ಪಾಲು ತಗೊಳ್ತಿದಾರೆ. ಮನೆಗೇ ಹೋಗಿ ಅವರ ಸಹಿ ಹಾಕಿಸ್ಕೊಂಡು ಬನ್ನಿ. ಮೂರು ತಿಂಗಳು ಈ ವಿಷಯ ಯಾರಿಗೂ ಗೊತ್ತಾಗಬಾರದು, ಅವರ ಹೆಂಡತಿಗೂ. ಸರಿಯಾಗಿ ಮುಗಿಸಿದ್ರೆ ವಿದೇಶಿ ವಿಭಾಗದ ಹೆಡ್ ಕ್ಲರ್ಕ್ ನೀವೇ.”

ಹನ್ನೆರಡು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಪ್ರಸನ್ನಕುಮಾರರು ತುಟಿ ಹೊಲಿದುಕೊಂಡವರಂತೆ ಬಸ್ ಹತ್ತಿದರು. ಪಕ್ಕದ ಸೀಟಿನಲ್ಲಿ ಗೋಪಾಳ ಬಡಾವಣೆಯ ನೆರೆಮನೆಯ ಕರಿಯಣ್ಣ!

“ಏನ್ ಮಾರಾಯ, ಕೆಲಸದ ದಿನ ಭದ್ರಾವತಿಗೆ?”

“ಸುಮ್ನೆ.”

“ಸುಮ್ನೆ ಯಾರಾದ್ರೂ ಇಸ್ತ್ರಿ ಶರ್ಟ್ ಹಾಕ್ಕೊಂಡು ಭದ್ರಾವತಿಗೆ ಹೋಗ್ತಾರಾ? ಕೈಯಲ್ಲೇನು ಲಕೋಟೆ?”

ಪ್ರಸನ್ನಕುಮಾರರು ಕಿಟಕಿಯ ಕಡೆ ತಿರುಗಿದರು. ಕಿವಿ ಕೆಂಪಾಯಿತು. ಕರಿಯಣ್ಣನಿಗೆ ಅಷ್ಟು ಸಾಕಾಯಿತು.

“ಜಾತಕ! ಮಗಳು ಸ್ಫೂರ್ತಿಗೆ ಗಂಡು ನೋಡೋಕೆ ಹೊರಟಿದೀಯ! ಇಂಥದ್ದಕ್ಕೆ ಒಬ್ಬನೇ ಹೋಗ್ತಾರಾ ಮಾರಾಯ? ನಾನೂ ಬರ್ತೀನಿ.”

ಅಲ್ಲ ಎಂದರೆ ಮತ್ತೇನು ಎನ್ನುತ್ತಾನೆ, ಅದನ್ನು ಹೇಳುವಂತಿಲ್ಲ. ಬಸ್ ಇಳಿದು ಎರಡು ಬೀದಿ ಸುಮ್ಮನೆ ಸುತ್ತಿಸಿದರೂ ಕರಿಯಣ್ಣ ಪಂಚೆಗೆ ಅಂಟಿದ ಮುಳ್ಳಿನ ಹಾಗೆ ಬಿಡಲಿಲ್ಲ. ದಾರಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನೂ ಕೊಂಡ.

ಪರಮೇಶ್ವರಪ್ಪನವರ ಹೆಂಡತಿ ಜಗದಾಂಬಾ ಬಾಗಿಲು ತೆಗೆದದ್ದೇ ತಡ, ಕರಿಯಣ್ಣ ಹಣ್ಣು ಚಾಚಿದ. “ನಮಸ್ಕಾರ ಅಮ್ಮಾ, ನಾವು ಹೆಣ್ಣಿನ ಕಡೆಯೋರು.”

ಆ ಮನೆಯಲ್ಲಿ ಮದುವೆ ವಯಸ್ಸಿನ ಮಗನೊಬ್ಬ ಇದ್ದದ್ದು ಕರಿಯಣ್ಣನ ಅದೃಷ್ಟ.

“ಅಯ್ಯೋ, ಬನ್ನಿ ಬನ್ನಿ! ರೀ, ನಮ್ಮ ಜ್ಞಾನೇಶನಿಗೆ ಸಂಬಂಧ ಬಂದಿದೆ. ನನಗೆ ಒಂದು ಮಾತೂ ಹೇಳ್ಲಿಲ್ವಲ್ರೀ!”

ಹೊರಬಂದ ಪರಮೇಶ್ವರಪ್ಪ ಲಕೋಟೆ ನೋಡಿದರು, ಪ್ರಸನ್ನಕುಮಾರರ ಬೆವರು ನೋಡಿದರು. ಮೂವತ್ತು ವರ್ಷ ಕಬ್ಬಿಣ ಕರಗಿಸಿದ ಮನುಷ್ಯ, ತಾವು ಕರಗಲಿಲ್ಲ.

“ಜಾತಕ ತಂದಿದೀರಾ? ಕೊಡಿ, ದೇವರ ಮುಂದಿಟ್ಟು ನೋಡ್ತೀನಿ,” ಎಂದವರೇ ದೇವರ ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಹತ್ತು ನಿಮಿಷದ ಮೇಲೆ ಬಂದಾಗ ಬೆರಳಿಗೆ ಶಾಯಿ ಅಂಟಿತ್ತು.

“ಹೊಂದ್ತೇನ್ರೀ?” ಎಂದರು ಜಗದಾಂಬಾ.

“ಹದಿನಾಲ್ಕು ಪುಟನೂ ಹೊಂದ್ತು.”

ಕೇಸರಿಬಾತು ಬಂತು. ಜ್ಞಾನೇಶ್ ಬಂದು ಕಾಲಿಗೆ ನಮಸ್ಕರಿಸಿದ. ಹುಡುಗಿಯ ಅಪ್ಪ ಶಾಂಭವಿ ಮೇಡಂ ಆಫೀಸಿನವರೆಂದು ಹೊಗಳಿದ ಕರಿಯಣ್ಣ ಹುಡುಗನ ಫೋಟೋವನ್ನೂ ಕೇಳಿ ಇಸಿದುಕೊಂಡ. ಪ್ರಸನ್ನಕುಮಾರರು ಅವನ ತಲೆ ಮುಟ್ಟಿ, ಲಕೋಟೆ ಅಪ್ಪಿಕೊಂಡು ಹೊರಟರು.

ಸಂಜೆ ಮೇಡಂ ಪ್ರತಿ ಸಹಿಯನ್ನೂ ನೋಡಿ ತಲೆದೂಗಿದರು. “ಇಷ್ಟು ಬಾಯಿ ಬಿಗಿ ಹಿಡಿಯೋರನ್ನ ನಾನು ನೋಡೇ ಇಲ್ಲ.”

ಪ್ರಸನ್ನಕುಮಾರರ ಎದೆ ಉಬ್ಬಿತು.

“ಆದ್ರೆ ಜಗದಾಂಬಾ ಅವರು ಫೋನ್ ಮಾಡಿ ನಿಮ್ಮ ಮನೆತನ ವಿಚಾರಿಸಿದ್ರು. ಒಳ್ಳೇದೇ ಹೇಳಿದೀನಿ. ನಮ್ಮ ಕಕ್ಷಿದಾರರು ಜರ್ಮನಿಯವರು. ನೀವು ಎದುರು ಪಾರ್ಟಿಯ ಬೀಗರು. ಬೀಗರ ಕೈಗೆ ಈ ವಿಭಾಗ ಕೊಡೋಕಾಗುತ್ತಾ? ನಿಮ್ಮ ಪಕ್ಕದ ಮೇಜಿನ ಸುನಿಲ್‌ಗೆ ಕೊಟ್ಟೆ.”

“ಮೇಡಂ, ಅದು ಸಂಬಂಧನೇ ಅಲ್ಲ! ಜಾತಕ ಅಂದಿದ್ದು ಈ ಲಕೋಟೆಗೆ!”

“ನನಗೆ ಗೊತ್ತು. ಹಾಗಂತ ಜಗದಾಂಬಾ ಅವರಿಗೆ ಹೇಳ್ತೀರಾ? ಮೂರು ತಿಂಗಳು ಯಾರೂ ಬಾಯಿ ಬಿಡೋ ಹಾಗಿಲ್ಲ. ಅಲ್ಲಿವರೆಗೂ ಊರವರ ಕಣ್ಣಿಗೆ ನೀವು ಬೀಗರೇ. ಜರ್ಮನಿಯವರ ಕಣ್ಣಿಗೂ.”

ಅಷ್ಟರಲ್ಲಿ ಹೆಂಡತಿ ವಾಣಿಯ ಫೋನು. “ರೀ, ಕರಿಯಣ್ಣ ಎಲ್ಲಾ ಹೇಳಿದ್ರು. ಹುಡುಗ ಸ್ಫೂರ್ತಿಗೂ ಒಪ್ಪಿಗೆಯಂತೆ, ಫೋಟೋ ನೋಡಿದ್ಲು. ಅಲ್ರೀ, ಇಷ್ಟು ದೊಡ್ಡ ವಿಷಯ ನನಗ್ಯಾಕ್ರೀ ಹೇಳ್ಲಿಲ್ಲ?”

ಪ್ರಸನ್ನಕುಮಾರರು ಬಾಯಿ ತೆರೆದರು. ಮೇಡಂ ಕಡೆ ನೋಡಿದರು. ಮುಚ್ಚಿದರು.