ಸುತ್ತ ನೀರಿನ ದೇಶ, ನಡುವ ನೀರಿನ ದೇಶ

ಮಂದಿ ಬೀಗರ ಮನಿಗೆ ಹೋದ್ರ ನೀರು ಕುಡಿತಾರ, ಚಾ ಕುಡಿತಾರ, ಎದ್ದು ಬರತಾರ. ನಾ ಹೋದ್ರ ಮಾತ್ರ ತಂಬಗಿ ಬಾಯಿಗೆ ಹಚ್ಚೂದ್ರಾಗ ಏನರ ಒಂದು ರಾಮಾಯಣ ಸುರು ಆಗಿರತೈತಿ. ವಯಸ್ಸಾದ ಮ್ಯಾಲರ ಇದು ನಿಲ್ಲತೈತಿ ಅಂದ್ಕೊಂಡಿದ್ದೆ. ನಿಲ್ಲಲಿಲ್ಲ, ಸಮುದ್ರ ದಾಟಿ ಆಫ್ರಿಕಾಕ್ಕ ಹೋತು.

ನಾ ಸಾಲಿ ಕಟ್ಟಿ ಹತ್ತಿದಾಂವಲ್ಲ. ನಾ ಹೇಳಿದ್ದನ್ನ ನಮ್ಮ ಸೊಸಿ ಬರಕೊಳ್ಳಾಕತ್ಯಾಳ. ಎಲ್ಲೆರ ಸುಳ್ಳು ಅನಿಸಿದ್ರ ಅದು ಅಕಿ ಕೈತಪ್ಪು ಅಂತ ತಿಳಕೋರಿ.

೧. ಶಿರಹಟ್ಟಿ ಕಡೆ ಕೊಡಗಳು

ನನ್ನ ಕಸಬು ಬಾವಿ ತೋಡೂದು. ಲಕ್ಷ್ಮೇಶ್ವರದಿಂದ ಮುಂಡರಗಿ ಮಟಾ ನನ್ನ ಗುದ್ದಲಿ ಕಾಣದ ಮಣ್ಣಿಲ್ಲ. ಯಳವತ್ತಿಯೊಳಗ ಒಂದು ಬಾವಿ ತೋಡಿದೆ ನೋಡ್ರಿ, ಅದರ ಆಳ ಎಷ್ಟು ಅಂದ್ರ, ಮ್ಯಾಲಿಂದ ಹಗ್ಗಕ್ಕ ಕಟ್ಟಿ ಹಾಲು ಇಳಿಬಿಟ್ರ ನನ್ನ ಕೈಗೆ ಬರೂದ್ರಾಗ ಮಸರಾಗಿರತಿತ್ತು. ಊಟಕ್ಕ ಚೊಲೋ ಆಗತಿತ್ತು.

ಇಷ್ಟು ಬಾವಿ ನೀರು ಕುಡದ ನಾಲಿಗಿ ಇದು. ಹಿಂಗಾಗಿ ನಮ್ಮ ಪೈಕಿ ಯಾರರ ಹೆಣ್ಣು ಕೊಡೂದಿದ್ರ, ಗಂಡಿನ ಮನಿ ನೋಡಾಕ ನನ್ನ ಮುಂದ ಮಾಡಕೊಂಡು ಹೋಗತಾರ. ಉಳದವರು ಹೊಲ ನೋಡತಾರ, ಕಾಳು ತುಂಬಿಡೂ ಹಗೇವು ನೋಡತಾರ. ನಾ ನೀರು ನೋಡತೀನಿ. ನಮ್ಮ ಕಡೆ ನೀರಿಲ್ಲದ ಊರಿಗೆ ಹೆಣ್ಣು ಕೊಡಬಾರದು ಅಂತಾರ. ನಮ್ಮಪ್ಪ ಅದನ್ನ ಮರತು ನನ್ನ ತಂಗಿನ್ನ ಅಂಥಾ ಊರಿಗೆ ಕೊಟ್ಟಿದ್ದ. ಅಕಿ ತೆಲಿ ಮ್ಯಾಲಿನ ಕೊಡ ಹೊರೂ ಸಿಂಬಿ, ಅಕಿ ಸಾಯೂ ಮಟಾ ಇಳಿಲಿಲ್ಲ. ಅವತ್ತಿಂದ ಈ ಕೆಲಸ ನಾ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಒಮ್ಮೆ ಶಿರಹಟ್ಟಿ ಕಡೆ ಒಂದು ಹಳ್ಳಿಗೆ ಹೋದ್ವಿ. ಪಡಸಾಲಿ ತುಂಬ ತಾಮ್ರದ ಕೊಡ, ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ರು, ಎಲ್ಲಾ ತುಳುಕೂ ಹಂಗ ತುಂಬಿದ್ರು. ಗಂಡಿನ ಅಪ್ಪ ಮೀಸಿ ತಿರುವಿಕೊಂತ, ನಮ್ಮಲ್ಲೆ ನೀರಿಗೇನು ಬರ ಇಲ್ರಿ ಅಂದ. ನಾ ಒಂದು ಗುಟುಕು ಬಾಯಾಗ ಹಾಕಿಕೊಂಡು, ಕಣ್ಣು ಮುಚ್ಚಿ, ಆ ಕಡೆ ಈ ಕಡೆ ಆಡಿಸಿ ನುಂಗಿದೆ.

"ಬೀಗರ, ಇದು ಒಂದು ಮನಿ ನೀರಲ್ಲ. ಇಡೀ ಓಣಿ ನೀರು."

ಆ ಮನುಷ್ಯನ ಮೀಸಿ ಕೆಳಗ ಇಳೀತು. ಖರೆನಾ ಅವರ ಬಾವಿ ಬತ್ತಿತ್ತು, ಓಣಿಯವರು ನೀರು ತುಂಬಿ ಕೊಡ ಕೊಟ್ಟು ಮರ್ಯಾದಿ ಉಳಿಸಾಕ ನೋಡಿದ್ರು. ತಿರಗಿ ಬರುವಾಗ ನನ್ನ ಜೋಡಿ ಬಂದಿದ್ದ ಮಾಸ್ತರ ಬಿದ್ದು ಬಿದ್ದು ನಕ್ಕ. ಒಂದೊಂದು ಕೊಡದ ಮ್ಯಾಲೆ ಒಂದೊಂದು ಮನಿತನದ ಹೆಸರು ಕೆತ್ತಿಸಿದ್ರಲ್ಲೋ ಮಾರಾಯಾ, ಅದನ್ನ ಯಾರು ಬೇಕಾದ್ರೂ ಹೇಳತಿದ್ರು ಅಂದ.

ಇರಬಹುದು. ಅಕ್ಷರ ಬಲ್ಲಾಂವ ಕಣ್ಣಿಲೆ ಓದತಾನ. ನಾ ನಾಲಿಗಿಲೆ ಓದಿದೆ. ಹೆಚ್ಚು ಯಾವುದು ನೀವಾ ಹೇಳ್ರಿ.

೨. ಎರಡು ಫೋಟೋ

ಮಂದಿ ಮನಿ ನೀರು ನೋಡೂದು ಸಸಾರ. ಈ ವರ್ಷ ಆ ಪಾಳಿ ನಮ್ಮ ಮನಿಗೇ ಬಂತು. ನಮ್ಮ ಮೊಮ್ಮಗಳು ಗದಗಿನ್ಯಾಗ ಒಂದು ಲ್ಯಾಬಿನ್ಯಾಗ ರಕ್ತ ಪರೀಕ್ಷೆ ಮಾಡತಾಳ. ಮನಿಗೆ ಅಕಿ ಒಬ್ಬಾಕೇ ಮಗಳು. ಅಕಿಗೆ ಒಮ್ಮೆಲೇ ಎರಡು ಕಡೆಯಿಂದ ಕೇಳಿ ಬಂದ್ರು. ಒಬ್ಬಾಂವ ಲಕ್ಷ್ಮೇಶ್ವರದ ಮನಿತನದಾಂವ, ಮಡಗಾಸ್ಕರ್ ಅನ್ನೂ ದೇಶದಾಗ ಬಟ್ಟಿ ಹೊಲಿಯೂ ಫ್ಯಾಕ್ಟರಿಯೊಳಗ ಮ್ಯಾನೇಜರ್. ಇನ್ನೊಬ್ಬಾಂವ ಮುಂಡರಗಿಯಾಂವ, ಮಲಾವಿ ಅನ್ನೂ ದೇಶದಾಗ ಸಕ್ಕರಿ ಫ್ಯಾಕ್ಟರಿಯೊಳಗ ಇಂಜಿನಿಯರ್. ಇಬ್ಬರೂ ದೀಪಾವಳಿಗೆ ರಜಾ ಹಾಕಿ ಬರಾವ್ರು. ಅದಕ್ಕೂ ಮೊದಲ ಒಬ್ಬರಿಗೆ ಹ್ಞೂಂ ಅನ್ನಬೇಕು, ಒಬ್ಬರಿಗೆ ಕೈ ಮುಗಿಬೇಕು.

ನನ್ನ ಮಗ, ಬೆಟಗೇರಿಯೊಳಗ ಸೀರಿ ಅಂಗಡಿ ಇಟ್ಟಾಂವ, "ಅಪ್ಪಾ, ನೀರಿನ ವಿಚಾರ ನಿಂದು" ಅಂತ ಹೇಳಿ ಅಂಗಡಿಗೆ ಹೋಗಿಬಿಟ್ಟ.

ಮೊಮ್ಮಗಳು ಮೊಬೈಲಿನ್ಯಾಗ ನಕಾಶೆ ತೆಗದು ತೋರಿಸಿದಳು. ಮಡಗಾಸ್ಕರ್ ಅಂದ್ರ ತುಂಬಿದ ಹಂಡೇದಾಗ ತೇಲೂ ಚರಿಗಿ ಇದ್ದಂಗ, ಸುತ್ತ ನೀರೋ ನೀರು. ಮಲಾವಿಗೆ ಯಾವ ಮಗ್ಗಲಕ್ಕೂ ಸಮುದ್ರಿಲ್ಲ, ಅಂಗಳದಾಗ ನೀರಿನ ಬಾನಿ ಇಟ್ಟಂಗ ಒಂದು ಉದ್ದನ ಕೆರಿ ಐತಿ. ಸುತ್ತ ನೀರು ಇದ್ದದ್ದು ಉಪ್ಪು. ನಡುವ ನೀರು ಇದ್ದದ್ದು ಸೀ. ಇದನ್ನ ಹೇಳಾಕ ಆಫ್ರಿಕಾಕ್ಕ ಯಾಕ ಹೋಗಬೇಕು? ಓಣಿಯವರು ಮನಿ ಮುಂದಿನ ಕಟ್ಟಿಗೆ ಬಂದು, ಅಜ್ಜಾ ನಿನಗ ಆಫ್ರಿಕಾ ಗೊತ್ತೈತೇನು ಅಂತ ಕೇಳಿದ್ರು. ಯಳವತ್ತಿ ಬಾವಿ ಇನ್ನೊಂದು ನಾಕು ಮೊಳ ತೋಡಿದ್ರ ಅಲ್ಲೇ ಏಳತಿದ್ದೆ, ಅಷ್ಟರಾಗ ನೀರು ಬಂತು ಅಂತ ಬಿಟ್ಟೆ ಅಂದೆ.

ಹಂಗ ಅಂದೆ ಖರೆ, ಮಂದಿ ಎದ್ದು ಹೋದ ಮ್ಯಾಲೆ ನಕಾಶೆ ಮತ್ತ ತೆಗಸಿ ನೋಡಿದೆ. ಶಿರಹಟ್ಟಿಗೆ ಬಸ್ಸಿಗೆ ಹೋಗಿ ನೀರು ಕುಡದು ಬರಬಹುದು. ಈ ನೀರು ಕುಡಿಯೂದು ಹೆಂಗ? ಕುಡಿಲಾರದ ಹ್ಞೂಂ ಅಂದು, ನಾಳೆ ಅಕಿ ಅಲ್ಲೆ ಕೊಡ ಹೊತ್ತುಕೊಂಡು ನಿಂತ್ರ?

ನಮ್ಮ ಮನಿಯಾಕಿಗೆ ಬ್ಯಾರೆನಾ ಚಿಂತಿ.

"ಗಂಡನ ಕೂಡ ಜಗಳಾಡಿ ತವರಿಗೆ ಬರಬೇಕಂದ್ರ ಬಸ್ ಇರಬೇಕಲ್ರಿ. ಹಡಗಾ ಬರೂದ್ರಾಗ ಅಕಿ ಸಿಟ್ಟಾ ಇಳದು ಹೋಗಿರತೈತಿ."

ಹಂಗಾದ್ರ ಸಮುದ್ರ ಇಲ್ಲದ ಮಲಾವಿನಾ ಚೊಲೋ ಅಂದೆ. ಅಲ್ಲಿಂದ ಬರಾಕೂ ಸಮುದ್ರ ದಾಟಬೇಕು ಅಂತ ಮೊಮ್ಮಗಳು ಅಂದಳು. ಅವತ್ತು ನಮ್ಮ ಮನಿಯಾಕಿ ಇಬ್ಬರು ಗಂಡುಗಳ ಫೋಟೋನೂ ಬೋರಲ ಹಾಕಿ ಮಲಗಿದಳು.

೩. ಸಮುದ್ರ ಕಾಣದ ದ್ವೀಪದಾಂವ

ಸೊಸಿ ವಿಡಿಯೋ ಕಾಲ್ ಹಚ್ಚಿ ಕೊಟ್ಟಳು. ಮೊದಲ ಲಕ್ಷ್ಮೇಶ್ವರದ ಹುಡುಗ. ಮೈಮ್ಯಾಲೆ ಸ್ವೆಟರ್ ಹಾಕ್ಕೊಂಡು ಕುಂತಿದ್ದ, ನಮ್ಮಲ್ಲಿ ಬಿಸಲು ಹಂಚಾಗಿತ್ತು. ನಮಸ್ಕಾರ ಅಂದ, ಅರಾಮ ಅದೀರೇನ್ರಿ ಅಜ್ಜಾರ ಅಂದ. ಹುಡುಗ ಮಾತಿಗೆ ಚೊಲೋ. ನಾ ಸೀದಾ, ತಮ್ಮಾ, ಸ್ವಲ್ಪ ಸಮುದ್ರ ತೋರಸು ಅಂದೆ.

ಆಂವ ಮೊಬೈಲ್ ತಿರುವಿದ. ಗುಡ್ಡ. ಇನ್ನೊಂದು ಮಗ್ಗಲಕ್ಕ ತಿರುವಿದ. ಅಲ್ಲೂ ಗುಡ್ಡ, ಅದರ ಕೆಳಗ ಭತ್ತದ ಗದ್ದಿ, ಡುಬ್ಬದ ಎತ್ತು ಕಟ್ಟಿದ ಚಕ್ಕಡಿ ಒಂದು ಹೊಂಟಿತ್ತು. ಎತ್ತು ಭಾಳ ಮಸ್ತ್ ಇದ್ವು, ನಾ ಒಂದು ಗಳಿಗಿ ಸಮುದ್ರ ಮರತೆ. ಆಮ್ಯಾಲೆ ಮತ್ತ ಕೇಳಿದೆ. ಸಮುದ್ರ ಇಲ್ಲಿಂದ ಗಾಡ್ಯಾಗ ಒಂದು ದಿನದ ದಾರಿರಿ ಅಜ್ಜಾರ, ನಾನೂ ಬರುವಾಗ ವಿಮಾನದಾಗಿಂದ ನೋಡಿದ್ದಷ್ಟಾ ಅಂದ. ಹೋಗಲಿ, ಮನ್ಯಾಗ ನಳ ಬರತೈತೇನು ಅಂದೆ. ಹುಡುಗ ಸುಳ್ಳು ಹೇಳಲಿಲ್ಲ. ಬಂದ್ರ ಬಂತು, ಬರದಿದ್ರ ಹಳದಿ ಕ್ಯಾನ್ ತಗೊಂಡು ಸಾಲಾಗಿ ನಿಲ್ಲತೀವಿ ಅಂದ.

ಅಡಗಿ ಮನ್ಯಾಗಿಂದ ಮೊಮ್ಮಗಳು ನಕ್ಕಳು. ನಮ್ಮ ಬೆಟಗೇರಿಯೊಳಗ ನಳ ಬಂದ ದಿನಾನ ಹಬ್ಬ, ಅವತ್ತು ಲಗ್ನ ಇದ್ರೂ ಅರ್ಧ ಮಂದಿ ಹೋಗೂದಿಲ್ಲ. ಸುತ್ತ ಇಷ್ಟು ನೀರಿಟ್ಟುಕೊಂಡು ಕ್ಯಾನ್ ಹಿಡದು ನಿಲ್ಲೂದಾದ್ರ ವಿಮಾನ ಯಾಕ ಹತ್ತಬೇಕು? ಆ ವಿದ್ಯಾ ಅಕಿಗೆ ಇಲ್ಲೇ ಬರತೈತಿ.

೪. ತೆರಿ ಬರೂ ಕೆರಿ

ಮರುದಿನ ಮಧ್ಯಾಹ್ನ ಮುಂಡರಗಿ ಹುಡುಗ. ಮೊಮ್ಮಗಳು ಲ್ಯಾಬಿಗೆ ಹೋಗಿದ್ದಳು. ಇಂವ ಸ್ವಲ್ಪ ನಾಚಿಕಿ ಮನುಷ್ಯ, ಕೇಳಿದಷ್ಟಾ ಹೇಳಾಂವ. ನಮ್ಮ ಮನಿಯಾಕಿ ನನಗಿಂತ ಮೊದಲ ಮೊಬೈಲ್ ಕಸಗೊಂಡು, ಅಲ್ಲೆ ಹುಲಿ ಸಿಂಹ ಭಾಳ ಅಂತಲ್ಲಪಾ ಅಂದಳು. ನಾ ಇನ್ನೂ ಒಂದೂ ಕಂಡಿಲ್ರಿ ಅಮ್ಮಾ, ಚಿರತಿ ಕಂಡಿದ್ದು ಊರಿಗೆ ಬಂದಾಗ ಕಪ್ಪತಗುಡ್ಡದಾಗ ಅಂದ. ಊಟಕ್ಕ ಏನು ಅಂದಳು. ಗೋವಿನಜೋಳದ ಹಿಟ್ಟಿನ ಮುದ್ದಿ, ಶೇಂಗಾ ಅಂದ. ಮುದ್ದಿ ಅಂದ ಕೂಡಲೆ ಅಕಿ ಅರ್ಧ ಒಪ್ಪಿದಳು.

ಆಮ್ಯಾಲೆ ನನ್ನ ಪಾಳಿ. ಕೆರಿ ತೋರಸು ಅಂದೆ. ಆಂವ ನಾಕು ಹೆಜ್ಜಿ ನಡದು ಮೊಬೈಲ್ ಎತ್ತಿ ಹಿಡದ. ಉಸುಕಿನ ದಂಡಿ, ಧೋ ಅಂತ ಬಂದು ಬಡಿಯೂ ತೆರಿ, ದೋಣಿ, ಮೀನು ಹಿಡಿಯೂ ಬಲಿ. ಆ ಕಡೆ ದಂಡಿ ಅನ್ನೂದಾ ಇಲ್ಲ. ಕೆರಿ ಅಂದ್ರ ಆ ದಂಡ್ಯಾಗ ಎಮ್ಮಿ ನಿಂತಿದ್ದು ಈ ದಂಡಿಗೆ ಕಾಣಬೇಕು. ಕಾರವಾರದ ಸಮುದ್ರ ನೋಡಿದಾಂವ ನಾ, ನನಗಾ ಮೋಸ?

"ತಮ್ಮಾ, ನೀ ಖರೆನಾ ಎಲ್ಲೆದಿ?"

"ಮಲಾವಿಯೊಳಗರಿ ಅಜ್ಜಾರ. ನಮಗ ಸಮುದ್ರ ಇಲ್ರಿ."

"ಮತ್ತ ನಿನ್ನ ಬೆನ್ನ ಹಿಂದ ಒದರಾಕತ್ತಿದ್ದು ಏನು?"

"ಕೆರಿರಿ."

ಸಮುದ್ರದ ನಡುವ ಇದ್ದಾಂವ ಗುಡ್ಡ ತೋರಿಸಿದ. ಸಮುದ್ರ ಇಲ್ಲದಾಂವ ತೆರಿ ತೋರಿಸಿದ. ಇಬ್ಬರಾಗ ಒಬ್ಬಾಂವ ಇನ್ನೊಬ್ಬನ ದೇಶದಾಗ ಕುಂತು ನಮ್ಮ ಮನಿ ಹೆಣ್ಣು ಕೇಳಾಕತ್ತಾನ ಅಂತ ನನಗ ಪಕ್ಕಾ ಆತು.

೫. ಒಂದು ಗುಟುಕು

ಇಂಥಾದ್ದಕ್ಕ ಒಂದಾ ಪರೀಕ್ಷೆ. ಸೀ ನೀರಾದ್ರ ಒಂದು ಗುಟುಕು ಕುಡದು ತೋರಸು ಅಂದೆ. ಹುಡುಗ ಹಿಂದ ಮುಂದ ನೋಡಿದ. ಇದನ್ನ ಹಂಗ ಕುಡಿಯೂದಿಲ್ರಿ, ಮನ್ಯಾಗ ಕಾಸಿ ಕುಡಿತೀವಿ ಅಂದ. ಉಪ್ಪಿದ್ರ ಹಿಂಗಾ ನೆವ ಹೇಳತಾರ ಅಂದೆ. ಪಾಪ, ಆಂವ ಬೂಟು ಬಿಚ್ಚಿದ, ಪ್ಯಾಂಟ್ ಮಡಚಿದ, ಮೊಣಕಾಲ ಮಟಾ ಇಳದ, ಒಂದು ಬೊಗಸಿ ಎತ್ತಿ ಕುಡದ.

"ಸೀ ಐತ್ರಿ ಅಜ್ಜಾರ."

ಮುಖಾ ಹುಳ್ಳಗ ಮಾಡಲಿಲ್ಲ, ಉಗುಳಲಿಲ್ಲ. ನಾ ಸೊಸಿ ಕಡೆ ನೋಡಿ ಮೀಸಿ ತಿರುವಿದೆ. ಆಫ್ರಿಕಾದ ನೀರನ್ನ ಬೆಟಗೇರಿ ಕಟ್ಟಿ ಮ್ಯಾಲೆ ಕುಂತು ನೋಡಿದಾಂವ ನಾ ಒಬ್ಬಾಂವ.

ಸಂಜಿಕ ಮೊಮ್ಮಗಳು ಬಂದಳು. ಎಲ್ಲಾ ಹೇಳಿದೆ. ಅಕಿ ಹಣಿ ಹಣಿ ಬಡಕೊಂಡಳು. ಆ ಕೆರಿಯೊಳಗ ಸಣ್ಣ ಬಸವನಹುಳ ಇರತಾವಂತ, ಅವುಗಳಿಂದ ಕಣ್ಣಿಗೆ ಕಾಣದ ಒಂದು ಜಂತು ನೀರಿಗೆ ಬರತೈತಂತ, ನೀರಾಗ ನಿಂತವರ ಕಾಲಿನ ಚರ್ಮದಾಗ ಹೊಕ್ಕು ಹೊಟ್ಟಿಗೆ ಹೋಗತೈತಂತ. ಅದಾ ದಂಡ್ಯಾಗ ಐತೋ ಇಲ್ಲೋ ಯಾರು ಹೇಳಾವ್ರು? ನೀ ಅವನ್ನ ಮೊಣಕಾಲ ಮಟಾ ನಿಲ್ಲಿಸಿ ಕುಡಿಸಿದಿ ಅಂದಳು. ಕುಡಿ ಅಂದಾಂವ ನಾ ಖರೆ, ಮೊಣಕಾಲ ಮಟಾ ಇಳಿ ಅಂತ ನಾ ಅಂದಿರಲಿಲ್ಲ.

ಮರುದಿನ ಮುಂಜಾನಿ ಮುಂಡರಗಿಯಿಂದ ಹುಡುಗನ ಅವ್ವನ ಫೋನ್, ಮಗ ಅಕಿಗೆ ಎಲ್ಲಾ ಹೇಳಿದ್ದ. ಅಕಿ ಒದರಲಿಲ್ಲ. ಒದರಿದ್ರ ಚೊಲೋ ಇತ್ತು.

"ಹಿರ್ಯಾರ, ನಾವು ನಿಮ್ಮ ಮನಿ ಹೆಣ್ಣು ಕೇಳಿದ್ವಿ. ನೀವು ನನ್ನ ಮಗನ ಜೀವಾ ಕೇಳಿದ್ರಿ."

ಜಂತು ಹೊಕ್ಕೈತೋ ಇಲ್ಲೋ ರಕ್ತದಾಗ ಗೊತ್ತಾಗಾಕ ವಾರಗಟ್ಟಲೆ ಕಾಯಬೇಕಂತ. ಆ ವಾರಗಳನ್ನ ನಾ ಹೆಂಗ ಕಳದೆ ನನಗ ಗೊತ್ತು. ರೊಟ್ಟಿ ಮುರದ್ರ ಅದರಾಗ ಜಂತು ಕಾಣತಿತ್ತು. ಬಾವ್ಯಾಗ ಮಣ್ಣು ಕುಸದು ಎದಿ ಮಟಾ ಹೂಳಿದಾಗೂ ನಾ ಬೀಡಿ ಸೇದಕೊಂತ ನಿಂತಾಂವ, ಈಗ ಫೋನ್ ಸಪ್ಪಳಾದ್ರ ಎದ್ದು ಹಿತ್ತಲಕ್ಕ ಹೋಗಿಬಿಡತಿದ್ದೆ. ದಿನಾ ಮುಂಜಾನಿ ಸೊಸಿ ಕಡೆಯಿಂದ ಫೋನ್ ಹಚ್ಚಿಸಿ, ತಮ್ಮಾ ಹೊಟ್ಟಿ ಹೆಂಗೈತಿ ಅಂತ ಕೇಳತಿದ್ದೆ. ಅರಾಮ ಐತ್ರಿ ಅಜ್ಜಾರ, ನೀವು ಚಿಂತಿ ಮಾಡಬ್ಯಾಡ್ರಿ ಅಂತ ಆಂವಾ ನನಗ ಧೈರ್ಯ ಹೇಳತಿದ್ದ. ಅದನ್ನ ಕೇಳಿ ಇನ್ನೂ ಹೆಚ್ಚು ಹೆದರಿಕಿ ಬರತಿತ್ತು.

ಮೊಮ್ಮಗಳು ನನ್ನ ಕೂಡ ಮಾತು ಬಿಟ್ಟಿದ್ದಳು. ಅವನ ಕೂಡ ಸುರು ಮಾಡಿದಳು. ಮೊದಲ ಎರಡು ದಿನ ಜ್ವರ ಬಂದಾವೇನು, ಕಾಲು ಕಡಿತಾವೇನು ಅಂತ ಡಾಕ್ಟರ್ ಕೇಳಿದಂಗ ಕೇಳಿ ಇಡತಿದ್ದಳು. ಬರಬರತ ಫೋನ್ ಹಿಡಕೊಂಡು ಮಾಳಗಿ ಮ್ಯಾಲೆ ಹೋಗಾಕತ್ತಿದಳು. ಹೊಟ್ಟಿ ವಿಚಾರ ಕೇಳಾಕ ಅಷ್ಟೊತ್ತು ಯಾಕ ಬೇಕು, ಹುಡುಗಗ ಏನೋ ಆಗಿರಬೇಕು, ನನಗ ಮುಚ್ಚಿಡಾಕತ್ತಾರ ಅಂತ ನಾ ಇಲ್ಲೆ ಕೆಳಗ ಕುಂತು ಬೆವರತಿದ್ದೆ.

ದಸರಾ ಮುಗಿಯೂದ್ರಾಗ ಅವನ ರಿಪೋರ್ಟ್ ಬಂತು. ಏನೂ ಇಲ್ಲ, ಜಂತೂ ಇಲ್ಲ ಮಣ್ಣೂ ಇಲ್ಲ. ನಮ್ಮ ಮನಿಯಾಕಿ ದೇವರಿಗೆ ಎಣ್ಣಿ ಹಾಕಿದಳು. ಮುಂಡರಗಿ ಬೀಗತಿ ಫೋನ್ ಮಾಡಿ, ಆಗಿದ್ದು ಆತು, ಹುಡುಗಿ ಏನಂತಾಳ ಕೇಳ್ರಿ ಅಂದಳು.

ಎಲ್ಲಾರೂ ಪಡಸಾಲಿಯೊಳಗ ಕುಂತ್ವಿ. ಮಗ ಅವತ್ತು ಅಂಗಡಿ ಮುಚ್ಚಿ ಬಂದಿದ್ದ. ನಾ ಗಂಟಲ ಸರಿ ಮಾಡಿಕೊಂಡು ನನ್ನ ತೀರ್ಪು ಹೇಳಿದೆ. ನೋಡವಾ, ಸುತ್ತ ನೀರಿನ ದೇಶದ ಹುಡುಗ ಶ್ಯಾಣ್ಯಾ, ಇದ್ದದ್ದು ಇದ್ದಂಗ ಹೇಳಿದ, ಕುಂತಲ್ಲಿಂದ ಏಳಲಿಲ್ಲ. ನಡುವ ನೀರಿನ ದೇಶದ ನೀರೇನೋ ಸೀ, ಹುಡುಗ ಮಾತ್ರ ದಡ್ಡ. ಒಬ್ಬ ಮುದುಕ ಕುಡಿ ಅಂದ್ರ ಗೊತ್ತಿದ್ದು ಗೊತ್ತಿದ್ದು ಕುಡಿಯಾಂವನ ಕೂಡ ಬಾಳೇವು ಮಾಡೂದು ಹೆಂಗ? ನೀರು ಬ್ಯಾರೆ, ಬುದ್ಧಿ ಬ್ಯಾರೆ.

ಮೊಮ್ಮಗಳು ಇಷ್ಟು ದಿನದ ಮ್ಯಾಲೆ ಅವತ್ತು ನನ್ನ ಕೂಡ ಬಾಯಿ ಬಿಟ್ಟಳು.

"ಕೆರಿ ದೇಶನಾ ಇರಲಿ ಅಜ್ಜಾ. ನೀ ಹೇಳಿದ್ದಕ್ಕ ಕೆರಿಗಿಳದು ನೀರು ಕುಡದಾಂವ, ನಾ ಹೇಳಿದ್ರ ಬಟ್ಟಿ ಒಗಿಯೂದಿಲ್ಲೇನು?"